ನಮ್ಮ ವಯಸ್ಸಿಗೆ ಯಾವ ಕಪಾಟು?

ಜಯನಗರ, ಜೆ.ಪಿ. ನಗರದ ಕಡೆ ಯಾವುದಾದರೂ ದೊಡ್ಡ ಪುಸ್ತಕದಂಗಡಿಗೆ ಹೋಗಿ ಇಂಗ್ಲಿಷ್ ಪುಸ್ತಕಗಳ ಸಾಲಿನ ಮುಂದೆ ನಿಂತರೆ ‘ಯಂಗ್ ಅಡಲ್ಟ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗಿನ ವಯಸ್ಸಿನವರಿಗೆಂದೇ ಬರೆದ ಕಾದಂಬರಿಗಳು ಅಲ್ಲಿರುತ್ತವೆ. ಈಗ ಕನ್ನಡದ ಸಾಲಿನ ಕಡೆ ತಿರುಗಿ. ಒಂದು ತುದಿಯಲ್ಲಿ ‘ಮಕ್ಕಳ ಸಾಹಿತ್ಯ’: ಬಣ್ಣಬಣ್ಣದ ಪಂಚತಂತ್ರ, ತೆನಾಲಿ ರಾಮಕೃಷ್ಣ. ಇನ್ನೊಂದು ತುದಿಯಲ್ಲಿ ‘ಕಾದಂಬರಿ’: ಕುವೆಂಪು, ಕಾರಂತ, ಭೈರಪ್ಪ, ಇಟ್ಟಿಗೆಯಷ್ಟು ದಪ್ಪದ ಸಂಪುಟಗಳು. ನಡುವೆ ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ನಡುವೆ ‘ವ್ಯಕ್ತಿತ್ವ ವಿಕಸನ’ ಇದೆ, ‘ಸ್ಪರ್ಧಾತ್ಮಕ ಪರೀಕ್ಷೆ’ ಇದೆ. ಕನ್ನಡ ಪುಸ್ತಕದಂಗಡಿಯ ಲೆಕ್ಕದಲ್ಲಿ ನಮ್ಮ ವಯಸ್ಸಿನವರು ಎಂದರೆ ಕೆಲಸ ಬೇಕಾದವರು, ಅಷ್ಟೇ. ಕತೆ ಬೇಕಾದವರಲ್ಲ.

ಒಂದು ಅಂಗಡಿಯಲ್ಲಿ ‘ಹದಿನೇಳು, ಹದಿನೆಂಟು ವರ್ಷದವರು ಓದುವಂಥ ಕನ್ನಡ ಕಾದಂಬರಿ ಕೊಡಿ’ ಎಂದು ಕೇಳಿದೆ. ಅಲ್ಲಿದ್ದವರು ಸ್ವಲ್ಪ ಯೋಚಿಸಿ, ‘ತಂಗಿಗಾ?’ ಎಂದು ಕೇಳಿ ಚಿತ್ರಗಳಿರುವ ರಾಮಾಯಣ ತೆಗೆದುಕೊಟ್ಟರು. ಅವರದೇನೂ ತಪ್ಪಿಲ್ಲ. ಅವರ ಅಂಗಡಿಯಲ್ಲಿ ಆ ಹೆಸರಿನ ಜಾಗವೇ ಇರಲಿಲ್ಲ. ತಮಾಷೆಯೆಂದರೆ, ನಾನು ಕೇಳಿದ ಪುಸ್ತಕಗಳು ಆ ಅಂಗಡಿಯಲ್ಲಿ ಹತ್ತಾರು ಇದ್ದವು. ಅವು ಯಾರಿಗೆ ಬೇಕಾದವು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ.

ಯಂಗ್ ಅಡಲ್ಟ್ ಕಾದಂಬರಿಗಳೆಂದರೆ ನನಗೆ ಪ್ರಾಣ. ಏಳನೇ ಕ್ಲಾಸಿನಲ್ಲಿ ಪರ್ಸಿ ಜಾಕ್ಸನ್, ಒಂಬತ್ತರಲ್ಲಿ ಹಂಗರ್ ಗೇಮ್ಸ್, ಪಿಯುಸಿಯಲ್ಲಿ ಫಿಸಿಕ್ಸ್ ಗೈಡಿನ ಒಳಗೆ ಜಾನ್ ಗ್ರೀನ್. ಇವುಗಳನ್ನು ‘ಟೈಂಪಾಸ್’ ಎನ್ನುವವರ ಜೊತೆ ವಾದ ಮಾಡಲು ಈಗಲೂ ತಯಾರಿದ್ದೇನೆ. ಆದರೆ ಒಂದು ಕಿರಿಕಿರಿ ಮಾತ್ರ ಮೊದಲಿಂದಲೂ ಇದೆ. ಹೇಜಲ್ ಓಡಾಡುವ ಇಂಡಿಯಾನಾಪೊಲಿಸ್ ನನಗೆ ಕಣ್ಣಿಗೆ ಕಟ್ಟಿದಂತಿದೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೆ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಡ್ರಾಫ್ಟರ್ ಹಿಡಿದು ನಿಂತ ಹುಡುಗಿಯೊಬ್ಬಳನ್ನು ಮಾತ್ರ ನಾನು ಯಾವ ಕಾದಂಬರಿಯಲ್ಲೂ ನೋಡಿಲ್ಲ. ಅವಳು ಮನೆಯಲ್ಲಿ ಮಾತಾಡುವುದು ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ಅಳು ಬಂದಾಗ ಯಾವ ಭಾಷೆ ಎಂದು ಯಾರೂ ಕೇಳಿಲ್ಲ.

ಈ ‘ಯಂಗ್ ಅಡಲ್ಟ್’ ಎಂಬ ಹೆಸರು ಆಕಾಶದಿಂದ ಉದುರಿದ್ದಲ್ಲ. ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ 1957ರಲ್ಲಿ ಈ ವಯಸ್ಸಿನ ಓದುಗರಿಗಾಗಿ ಪ್ರತ್ಯೇಕ ವಿಭಾಗ ಮಾಡಿತು. ಹತ್ತು ವರ್ಷದ ಮೇಲೆ, 1967ರಲ್ಲಿ, ‘ದಿ ಔಟ್‌ಸೈಡರ್ಸ್’ ಬಂತು. ಬರೆದ ಎಸ್.ಇ. ಹಿಂಟನ್ ಅದನ್ನು ಶುರು ಮಾಡಿದ್ದು ಹೈಸ್ಕೂಲಿನಲ್ಲಿದ್ದಾಗ. ಹುಡುಗಿ ಬರೆದದ್ದು ಎಂದು ಗೊತ್ತಾದರೆ ವಿಮರ್ಶಕರು ಮೂಗು ಮುರಿದಾರು ಎಂದು ಪ್ರಕಾಶಕರು ಪೂರ್ತಿ ಹೆಸರು ಹಾಕದೆ ಇನಿಷಿಯಲ್ ಮಾತ್ರ ಹಾಕಿದರು. ಅಂದರೆ ಅಲ್ಲಿ ಲೈಬ್ರರಿಯವರು ಮೊದಲು ಜಾಗ ಮಾಡಿದರು, ಆ ಜಾಗ ತುಂಬುವ ದೊಡ್ಡ ಪುಸ್ತಕಗಳು ಆಮೇಲೆ ಬಂದವು. ನಮ್ಮಲ್ಲಿ ಆಗಿರುವುದು ಉಲ್ಟಾ. ಪುಸ್ತಕಗಳಿವೆ, ಜಾಗ ಇಲ್ಲ.

ಹಿಂದಿನವರಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ ಎನಿಸುತ್ತದೆ. ನಮ್ಮಜ್ಜಿಯ ಕಾಲದವರನ್ನು ಕೇಳಿ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಹೆಸರು ಹೇಳುತ್ತಾರೆ. ಶಾಲೆಯಲ್ಲಿ ಹೆಚ್ಚು ಓದಿರದ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದುವ ಚಟ ಹಿಡಿಸಿಕೊಂಡವರಿಗೆ ಲೆಕ್ಕವಿಲ್ಲ. ಅಮ್ಮನ ಕಾಲಕ್ಕೆ ತ್ರಿವೇಣಿ, ಸಾಯಿಸುತೆ, ಜೊತೆಗೆ ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥ್. ‘ತುಳಸಿದಳ’ ಓದಿ ರಾತ್ರಿ ಬಚ್ಚಲಿಗೆ ಒಬ್ಬಳೇ ಹೋಗಲು ಹೆದರುತ್ತಿದ್ದೆ ಎಂದು ಅಮ್ಮ ಈಗಲೂ ನಗುತ್ತಾಳೆ. ಮನೆ ಹತ್ತಿರದ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ತಂದ, ಮೂಲೆ ಮಡಚಿದ ಪುಸ್ತಕಗಳು. ಆ ಲೈಬ್ರರಿಯೇ ಅವರ ‘ಯಂಗ್ ಅಡಲ್ಟ್’ ಕಪಾಟು. ಬೋರ್ಡು ಬೇಕಿರಲಿಲ್ಲ. ಕೌಂಟರಿನಲ್ಲಿ ಕೂತವರಿಗೆ ಯಾವ ಹುಡುಗಿಗೆ ಯಾವ ಪುಸ್ತಕ ಎಂಬುದು ಗೊತ್ತಿತ್ತು. ನಮ್ಮ ಬಡಾವಣೆಯಲ್ಲಿ ಅಂಥ ಲೈಬ್ರರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ನಮ್ಮ ಅಣ್ಣಂದಿರ ಕಾಲಕ್ಕೆ ಆ ಜಾಗ ತುಂಬಿದ್ದು ರವಿ ಬೆಳಗೆರೆ. ಇದೇ ದಕ್ಷಿಣ ಬೆಂಗಳೂರಿನ ಪದ್ಮನಾಭನಗರದಲ್ಲಿ ಕೂತು ಬರೆದವರು. ‘ಹೇಳಿ ಹೋಗು ಕಾರಣ’ ಕಾದಂಬರಿಯನ್ನು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಓದಿದವರನ್ನು ನೀವೂ ಕಂಡಿರುತ್ತೀರಿ. ಸಾಹಿತ್ಯದ ದೊಡ್ಡವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬ ಮಾತಿದೆ. ಇರಲಿ. ನನ್ನ ತಕರಾರು ಬೇರೆ. ಅದರಲ್ಲಿ ಹಿಮವಂತನ ನೋವಿಗೆ ಸಿಕ್ಕಷ್ಟು ಜಾಗ ಪ್ರಾರ್ಥನಾಳ ಮನಸ್ಸಿಗೆ ಸಿಕ್ಕಿಲ್ಲ. ಓದಿ ಮುಗಿಸಿದಾಗ ಅವಳು ಬಂದು ತನ್ನ ಕಡೆಯ ಕತೆಯನ್ನೂ ಹೇಳಲಿ ಎನಿಸಿತು. ಆದರೂ ಒಂದು ಮಾತು ಒಪ್ಪಲೇಬೇಕು: ಪುಸ್ತಕವನ್ನೇ ಮುಟ್ಟದ ನನ್ನ ಕ್ಲಾಸ್‌ಮೇಟ್ ಹುಡುಗನೊಬ್ಬ ಜೀವನದಲ್ಲಿ ಪೂರ್ತಿ ಓದಿದ ಏಕೈಕ ಕನ್ನಡ ಕಾದಂಬರಿ ಅದು. ಓದಿದ ಮೇಲೆ ಅವನು ಕೇಳಿದ್ದು ‘ಇಂಥದ್ದು ಇನ್ನೊಂದು ಇದೆಯಾ?’ ಎಂದು. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕೇ ಕಪಾಟು ಬೇಕಿರುವುದು.

ಅವನಿಗೆ ನಾನು ಕೊಟ್ಟದ್ದು ತೇಜಸ್ವಿಯವರ ‘ಜುಗಾರಿ ಕ್ರಾಸ್’. ಯೋಚಿಸಿದರೆ ಅದು ಪಕ್ಕಾ ನಮ್ಮ ವಯಸ್ಸಿನ ಕತೆ. ಕೈಯಲ್ಲಿ ಕಾಸಿಲ್ಲದ, ಏಲಕ್ಕಿ ಬೆಳೆದು ಬದುಕಲು ಹೊರಟ ಸುರೇಶ, ಗೌರಿ ಎಂಬ ಎಳೆಯ ಜೋಡಿ ತಮಗೆ ಗೊತ್ತೇ ಇಲ್ಲದ ಜಾಲದೊಳಗೆ ಕಾಲಿಡುತ್ತದೆ. ಹೆಚ್ಚುಕಡಿಮೆ ಒಂದೇ ದಿನದಲ್ಲಿ ನಡೆದುಹೋಗುವ ಕತೆ. ರೈಲು, ಕಳ್ಳಸಾಗಣೆ, ಹಳೆಯ ಕಾವ್ಯದೊಳಗಿನ ಗುಟ್ಟು ಎಲ್ಲ ಇದೆ. ಹುಡುಗ ಮೆಟ್ರೊದಲ್ಲಿ ಓದುತ್ತಾ ಆರ್.ವಿ. ರೋಡ್‌ನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸುವುದನ್ನು ಮರೆತು ಯಲಚೇನಹಳ್ಳಿವರೆಗೆ ಹೋಗಿಬಿಟ್ಟ. ಇದಕ್ಕಿಂತ ಒಳ್ಳೆಯ ಪುಸ್ತಕ ವಿಮರ್ಶೆ ನಾನು ಓದಿಲ್ಲ.

‘ಕರ್ವಾಲೊ’ 1980ರದ್ದು. ಅಂದರೆ ನನಗಿಂತ ಕಾಲು ಶತಮಾನ ಹಿರಿಯದು. ಕೆಲಸ ಹುಡುಕುತ್ತಿರುವ ಪ್ರತಿಯೊಬ್ಬರೂ ಅದನ್ನು ಓದಬೇಕು ಎಂಬುದು ನನ್ನ ಹಟ. ಕಾರಣ ಹಾರುವ ಓತಿಯಲ್ಲ, ಮಂದಣ್ಣ. ಅವನಿಗೊಂದು ಸರ್ಕಾರಿ ಕೆಲಸ ಬೇಕು. ಕೆಲಸ ಸಿಕ್ಕರೆ ಮದುವೆ. ಅದಕ್ಕಾಗಿ ಅವರಿವರ ಕೈಕಾಲು ಹಿಡಿದು ಶಿಫಾರಸು ಕೇಳುತ್ತಾ ಓಡಾಡುತ್ತಾನೆ. ಊರವರ ಕಣ್ಣಿಗೆ ಅವನು ಪೆದ್ದ, ಕೆಲಸಕ್ಕೆ ಬಾರದವ. ಕರ್ವಾಲೊ ಎಂಬ ವಿಜ್ಞಾನಿಗೆ ಮಾತ್ರ ಅವನು ಹುಟ್ಟು ನಿಸರ್ಗಶಾಸ್ತ್ರಜ್ಞ. ದೊಡ್ಡ ದೊಡ್ಡ ಡಿಗ್ರಿಯವರು ಹುಡುಕುತ್ತಿರುವ ಜೀವಿಯನ್ನು ಕಣ್ಣಾರೆ ಕಂಡವನು ಆ ಪೆದ್ದನೇ. ಆಪ್ಟಿಟ್ಯೂಡ್ ಟೆಸ್ಟಿನ ಮೊದಲ ಸುತ್ತಿನಲ್ಲೇ ಹೊರಬಿದ್ದ ಗೆಳತಿಯೊಬ್ಬಳು ಇದನ್ನು ಓದಿ, ‘ಮಂದಣ್ಣನೂ ನನ್ನ ಜೊತೆ ಆ ಹಾಲ್‌ನಲ್ಲಿ ಕೂತಿದ್ದ ಕಣೇ’ ಎಂದಳು. (ಕಾದಂಬರಿ ಓದಿಲ್ಲದವರು ಮುಂದಿನ ವಾಕ್ಯ ಬಿಟ್ಟುಬಿಡಿ.) ಕೊನೆಗೂ ಆ ಓತಿ ಯಾರ ಕೈಗೂ ಸಿಗದೆ ಕಣಿವೆಯೊಳಗೆ ತೇಲಿಹೋಗುತ್ತದೆ. ಹದಿನೆಂಟರಲ್ಲಿ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅದೊಂದು ಪುಟಕ್ಕಾಗಿಯೇ ಮತ್ತೆ ಓದುತ್ತೇನೆ.

‘ಚಿದಂಬರ ರಹಸ್ಯ’ವನ್ನು ನಮಗೆ ಪರಿಚಯಿಸುವವರು ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಎಂದು ಹೇಳಿ ಅರ್ಧ ಜನರನ್ನು ಓಡಿಸಿಬಿಡುತ್ತಾರೆ. ಅದರಲ್ಲಿ ಕೆಸರೂರಿನ ಕಾಲೇಜು ಹುಡುಗರಿದ್ದಾರೆ, ಕ್ರಾಂತಿ ಮಾಡುತ್ತೇವೆಂದು ಹೊರಟ ಅವರ ಗುಂಪಿದೆ, ರಫಿ–ಜಯಂತಿಯರ ಪ್ರೀತಿ ಇದೆ, ಗಾಳಿಸುದ್ದಿಯೊಂದು ಊರನ್ನೇ ಸುಡುವವರೆಗೆ ಬೆಳೆಯುವ ಬಗೆ ಇದೆ ಎಂದು ಹೇಳಿ ನೋಡಲಿ. ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲಿ ಬರೆದದ್ದು ಎಂದು ನಂಬುವುದೇ ಕಷ್ಟ.

ಇಂಗ್ಲಿಷ್ ಯಂಗ್ ಅಡಲ್ಟ್ ಕಾದಂಬರಿಗಳಲ್ಲಿ ಈಗ ಮಾನಸಿಕ ಆರೋಗ್ಯದ್ದೇ ಮಾತು. ಕನ್ನಡದಲ್ಲಿ ಅಂಥದ್ದು ಇಲ್ಲ ಎಂದು ನನ್ನ ಜೊತೆ ವಾದಕ್ಕಿಳಿದ ಒಬ್ಬಳಿಗೆ ‘ಶರಪಂಜರ’ ಕೊಟ್ಟೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ. ಆ ಹೊತ್ತಿಗೇ ಅವರು ಹೆಣ್ಣೊಬ್ಬಳ ಮನಸ್ಸಿನ ಕಾಯಿಲೆಯನ್ನೂ, ಅವಳು ಗುಣವಾಗಿ ಬಂದ ಮೇಲೆ ಮನೆಯವರು ಅವಳನ್ನು ನೋಡುವ ರೀತಿಯನ್ನೂ ಬರೆದಿಟ್ಟಿದ್ದರು. ಕಲ್ಪನಾ ಅಭಿನಯದ ಸಿನಿಮಾ ಎಲ್ಲರಿಗೂ ಗೊತ್ತು. ಪುಸ್ತಕ ಓದಿದವರು ನಮ್ಮ ವಯಸ್ಸಿನಲ್ಲಿ ಕಡಿಮೆ. ವಸುಧೇಂದ್ರರ ‘ಮೋಹನಸ್ವಾಮಿ’ಯಂತೂ ಈ ಕಪಾಟಿನ ಮೊದಲ ಸಾಲಿಗೆ ಬರಬೇಕು. ತಾನು ಉಳಿದ ಹುಡುಗರಂತಲ್ಲ ಎಂದು ಗೊತ್ತಾಗುವ ಹುಡುಗ, ಅವನನ್ನು ಆಡಿಕೊಳ್ಳುವ ಸಹಪಾಠಿಗಳು. ಯಾವ ಕಾಲೇಜಿನಲ್ಲಿ ಇದು ಇಲ್ಲ? ಬರೆದವರೂ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವರು ಎಂಬುದು ನಮ್ಮಂಥವರಿಗೆ ಸಣ್ಣ ಧೈರ್ಯ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ ಒಂದೇ ಮಾತು: ತೆಳುವಾದ ಪುಸ್ತಕ, ಒಂದು ಭಾನುವಾರ ಸಾಕು, ಆಮೇಲೆ ಒಂದು ವಾರ ಮನೆಯವರನ್ನು ಬೇರೆಯೇ ಕಣ್ಣಿನಿಂದ ನೋಡುತ್ತೀರಿ.

ಇದೇ ಪಟ್ಟಿಗೆ ಕಾರಂತರ ‘ಬೆಟ್ಟದ ಜೀವ’ವನ್ನೂ ಸೇರಿಸಿದರೆ ಮೇಷ್ಟ್ರುಗಳು ಹುಬ್ಬೇರಿಸುತ್ತಾರೆ. ಅದು ಗೋಪಾಲಯ್ಯ ಎಂಬ ಮುದುಕನ ಕತೆ ಎಂದೇ ನಮಗೆ ಪಾಠ ಮಾಡಿರುವುದು. ಆದರೆ ಬಿ.ಟಿ.ಎಂ. ಲೇಔಟಿನ ಪಿ.ಜಿ.ಯಲ್ಲಿ, ಮೂರು ಮಂಚ ಹಾಕಿದ ರೂಮಿನಲ್ಲಿ ಕೂತು ಅದನ್ನು ಓದಿದರೆ ಕಾಣುವವನು ಮನೆ ಬಿಟ್ಟುಹೋದ ಆ ಮಗ. ಪುತ್ತೂರಿನ ಕಡೆಯಿಂದ ಬಂದು ಅಲ್ಲಿರುವ ನನ್ನ ಗೆಳತಿ ಅರ್ಧ ಓದಿ ಪುಸ್ತಕ ಮುಚ್ಚಿಟ್ಟು ಅಪ್ಪನಿಗೆ ಫೋನ್ ಮಾಡಿದಳು. ಏನು ಮಾತಾಡಿದಳೋ ಕೇಳಲಿಲ್ಲ.

‘ಪ್ರತ್ಯೇಕ ಕಪಾಟು ಯಾಕೆ? ನಾವೆಲ್ಲ ಚಂದಮಾಮದಿಂದ ನೇರವಾಗಿ ‘ಮಲೆಗಳಲ್ಲಿ ಮದುಮಗಳು’ ಓದಿದವರು’ ಎಂದು ಹಿರಿಯರು ಹೇಳುತ್ತಾರೆ. ಓದಿರಬಹುದು. ಅವರಲ್ಲಿ ಬಹಳಷ್ಟು ಜನ ಕನ್ನಡ ಮಾಧ್ಯಮದಲ್ಲಿ ಕಲಿತವರು. ನಮ್ಮ ಕಡೆಯ ಬಹುಪಾಲು ಮಕ್ಕಳಿಗೆ ಕನ್ನಡ ಎಂದರೆ ವಾರಕ್ಕೆ ನಾಲ್ಕು ಪಿರಿಯಡ್ಡಿನ ಎರಡನೇ ಅಥವಾ ಮೂರನೇ ಭಾಷೆ. ಮಾತಾಡುವುದು ಸಲೀಸು, ಓದುವಾಗ ಮಾತ್ರ ಒತ್ತಕ್ಷರದ ಮೇಲೆ ಕಣ್ಣು ಎಡವುತ್ತದೆ. ಇಂಗ್ಲಿಷಿನಲ್ಲಿ ಗಂಟೆಗೆ ಐವತ್ತು ಪುಟ ಓಡುವವರು ಕನ್ನಡದಲ್ಲಿ ಹನ್ನೆರಡಕ್ಕೆ ಸುಸ್ತಾಗುತ್ತಾರೆ. ಅಂಥವರ ಕೈಗೆ ಮೊದಲೇ 700 ಪುಟ ಕೊಟ್ಟರೆ ಕನ್ನಡಕ್ಕೆ ದೂರದಿಂದಲೇ ಕೈ ಮುಗಿದು ಹೋಗುತ್ತಾರೆ. ವೇಗ ಬರುವುದು ‘ಮುಂದೇನಾಯ್ತು’ ಎಂಬ ಕುತೂಹಲದಿಂದ ಮಾತ್ರ. ನನ್ನ ಮಟ್ಟಿಗೆ ಆ ಕೆಲಸ ಮಾಡಿದ್ದು ತೇಜಸ್ವಿ ಮತ್ತು ಪ್ರದೀಪ್ ಕೆಂಜಿಗೆ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’. ಕೈದಿ ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ ಎಂಬ ಆತುರದಲ್ಲಿ ಒತ್ತಕ್ಷರಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಕೂಡ ಹಾಗೆಯೇ. ಡ್ಯಾನ್ ಬ್ರೌನ್ ಓದುವವರಿಗೆ ಕಣ್ಣು ಮುಚ್ಚಿ ಕೊಡಬಹುದು. ಅನುಷ್ ಶೆಟ್ಟಿಯವರ ‘ಹುಲಿ ಪತ್ರಿಕೆ’ ನಮ್ಮ ಬ್ಯಾಚಿನಲ್ಲಿ ಒಂದೇ ಪ್ರತಿ, ಆರು ಜನರ ಕೈ ದಾಟಿದೆ.

ಎಂಜಿನಿಯರಿಂಗಿನಲ್ಲಿ ಕನ್ನಡ ಇಲ್ಲವೇ ಎಂದರೆ, ಇದೆ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷ ‘ಸಾಂಸ್ಕೃತಿಕ ಕನ್ನಡ’ ಎಂಬ ಒಂದು ಕ್ರೆಡಿಟ್ಟಿನ ವಿಷಯವಿದೆ, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’. ಪಠ್ಯದಲ್ಲಿ ಒಳ್ಳೆಯ ಬರಹಗಳೇ ಇವೆ. ಆದರೆ ಪರೀಕ್ಷೆ ಬಹು ಆಯ್ಕೆಯದ್ದು. ಕತೆ ಓದಿ ಎ, ಬಿ, ಸಿ, ಡಿ ಎಂದು ಗುರುತು ಹಾಕಬೇಕು. ಕತೆಯಲ್ಲಿ ನಿಮಗೆ ಏನನಿಸಿತು ಎಂದು ಕೇಳಲು ನಾಲ್ಕು ಆಯ್ಕೆಯಲ್ಲಿ ಜಾಗವಿಲ್ಲ. ಪರೀಕ್ಷೆ ಮುಗಿದ ಸಂಜೆಗೆ ಕನ್ನಡವೂ ಮುಗಿಯುತ್ತದೆ. ಹದಿನೆಂಟಕ್ಕೆ ನಿಂತ ಓದು ಆಮೇಲೆ ತಾನಾಗಿ ಶುರುವಾಗುವುದು ಅಪರೂಪ, ಏಕೆಂದರೆ ಆಮೇಲೆ ಕೆಲಸ, ಟ್ರಾಫಿಕ್, ಇಎಂಐ. ಹಾಗಾಗಿಯೇ ಹದಿನೇಳರಿಂದ ಇಪ್ಪತ್ತೆರಡರ ನಡುವಿನ ಈ ಐದು ವರ್ಷಗಳ ಬಗ್ಗೆ ಇಷ್ಟು ಗಲಾಟೆ ಮಾಡುತ್ತಿರುವುದು.

ಪ್ರಶಸ್ತಿಗಳಲ್ಲೂ ಇದೇ ಕತೆ. ಕೇಂದ್ರ ಸಾಹಿತ್ಯ ಅಕಾಡೆಮಿ ‘ಬಾಲ ಸಾಹಿತ್ಯ ಪುರಸ್ಕಾರ’ ಕೊಡುತ್ತದೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಯಂಥ ಕೃತಿಗಳಿಗೆ ಅದು ಸಂದಿದೆ. ಯುವ ಪುರಸ್ಕಾರವೂ ಇದೆ. ಆದರೆ ಅದು 35 ವರ್ಷದೊಳಗಿನ ಬರಹಗಾರರಿಗೆ. ಬರೆಯುವವರ ವಯಸ್ಸು ನೋಡುತ್ತಾರೆ, ಓದುವವರದಲ್ಲ. ಅತ್ತ ಬಾಲವೂ ಅಲ್ಲ, ಇತ್ತ ಪ್ರೌಢವೂ ಅಲ್ಲ, ನಾವು ತ್ರಿಶಂಕುಗಳು.

ಇದಕ್ಕೆ ಕೋಟಿಗಟ್ಟಲೆ ಹಣವೇನೂ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಅಪ್ಪ ಅಮ್ಮಂದಿರು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದಾರೆ, ತೆರಿಗೆಯ ಶೇ 6ರಷ್ಟು. ನಮ್ಮ ಭಾಗದ ಯಾವುದೇ ಸರ್ಕಾರಿ ಗ್ರಂಥಾಲಯಕ್ಕೆ ಬೆಳಿಗ್ಗೆ ಹೋಗಿ ನೋಡಿ, ತುಂಬಿರುವುದು ನಮ್ಮ ವಯಸ್ಸಿನವರೇ. ಬ್ಯಾಗಿನಲ್ಲಿ ನೀರಿನ ಬಾಟಲಿ, ತಮ್ಮದೇ ಕೆಪಿಎಸ್‌ಸಿ ಗೈಡು, ಹೈಲೈಟರ್. ಅವರಿಗೆ ಬೇಕಿರುವುದು ಕುರ್ಚಿ ಮತ್ತು ಫ್ಯಾನು. ಗೋಡೆಗೆ ಒರಗಿರುವ ಪುಸ್ತಕಗಳ ಕಡೆ ಕತ್ತು ಹೊರಳುವುದಿಲ್ಲ. ಹೊರಳಿದರೂ ಕಾಣುವುದು ಗಾಜಿನ ಬೀರು, ಬೀರುವಿಗೆ ಬೀಗ. ಆ ಕುರ್ಚಿಗಳ ಪಕ್ಕದಲ್ಲೇ ಒಂದು ತೆರೆದ ಹಲಗೆ, ನಲವತ್ತು ಪುಸ್ತಕ, ‘ಇವು ನಿಮಗೆ’ ಎಂಬ ಚೀಟಿ. ಮಧ್ಯಾಹ್ನ ಊಟವಾದ ಮೇಲೆ ಸಂವಿಧಾನದ ವಿಧಿಗಳು ತಲೆಗೆ ಹತ್ತದ ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು ಕೈ ಚಾಚುತ್ತಾರೆ. ಗಾಂಧಿಬಜಾರಿನ ಅಂಕಿತದಂಥ ಅಂಗಡಿಗಳು ಮನಸ್ಸು ಮಾಡಿದರೆ ಅದನ್ನೇ ನಾಳೆಯೇ ಮಾಡಬಹುದು. ಇರುವ ಪುಸ್ತಕಗಳನ್ನು ಒಂದೆಡೆ ಜೋಡಿಸಿದರೆ ಸಾಕು.

ಹಾಗೆಂದು ಹಳೆಯ ಪುಸ್ತಕಗಳನ್ನೇ ಹೊಸ ಕಪಾಟಿನಲ್ಲಿಟ್ಟು ಸುಮ್ಮನಾಗಲೂ ಆಗುವುದಿಲ್ಲ. ಸಿಇಟಿ ರ‍್ಯಾಂಕ್ ಬಂದ ದಿನ ಮನೆಯೊಳಗೆ ಬೀಳುವ ಮೌನ, ಬ್ಯಾಕ್‌ಲಾಗ್ ಇದೆ ಎಂದು ಅಪ್ಪನಿಗೆ ಹೇಳದ ಮೂರು ತಿಂಗಳು, ಬಾಡಿಗೆ ಮನೆ ಕೇಳಲು ಹೋದಾಗ ಓನರ್ ಆಂಟಿ ‘ನೀವು ಯಾವ ಜನ?’ ಎಂದು ಕೇಳುವ ಆ ಕ್ಷಣ, ಕಲಬುರಗಿಯಿಂದ ಬಂದ ಹುಡುಗನ ಕನ್ನಡ ಕೇಳಿ ಬೆಂಗಳೂರಿನ ಹುಡುಗರು ನಗುವುದು. ಇವು ತೇಜಸ್ವಿಗೆ ಗೊತ್ತಿದ್ದ ಲೋಕವಲ್ಲ. ನಲವತ್ತು ದಾಟಿದ ಲೇಖಕರು ನಮ್ಮ ಬಗ್ಗೆ ಬರೆದಾಗ ನಾವು ಮೊಬೈಲ್ ನೋಡುತ್ತಾ ಅಪ್ಪ ಅಮ್ಮನನ್ನು ಮರೆತವರಾಗಿಯೇ ಬರುತ್ತೇವೆ; ಕೊನೆಯ ಪುಟದಲ್ಲಿ ಬುದ್ಧಿ ಬರುತ್ತದೆ. ನಮ್ಮ ಕತೆ ನಾವೇ ಬರೆಯಬೇಕು. ಹಿಂಟನ್ ಹೈಸ್ಕೂಲಿನಲ್ಲೇ ಬರೆದಳಲ್ಲ.

ಸದ್ಯಕ್ಕೆ ನಾವು ಐದು ಜನ ಗೆಳೆಯರು ಸೇರಿ ನಲವತ್ತರ ಪಟ್ಟಿ ಮಾಡುತ್ತಿದ್ದೇವೆ, ಹತ್ತಿರದ ಗ್ರಂಥಾಲಯಕ್ಕೆ ಅರ್ಜಿಯ ಜೊತೆ ಕೊಡಲು. ಮೂವತ್ತೊಂದಕ್ಕೆ ಬಂದು ನಿಂತಿದೆ. ಪುತ್ತೂರಿನವಳು ಕಾರಂತರದ್ದು ಇನ್ನೂ ಎರಡು ಬೇಕು ಎಂದು ಹಟ ಹಿಡಿದಿದ್ದಾಳೆ. ‘ಹೇಳಿ ಹೋಗು ಕಾರಣ’ ಇರಬೇಕೋ ಬೇಡವೋ ಎಂಬುದಕ್ಕೆ ಮತ ಹಾಕಿದೆವು. ಒಬ್ಬ ಅಂದು ರಜೆಯಲ್ಲಿದ್ದ. ಎರಡು ಪರ, ಎರಡು ವಿರೋಧ. ವಿರೋಧದಲ್ಲಿ ಒಂದು ನನ್ನದು. ಯಲಚೇನಹಳ್ಳಿಗೆ ಹೋಗಿಬಿಟ್ಟವನು ಸೋಮವಾರ ಬಂದು ಮತ ಹಾಕುತ್ತಾನಂತೆ, ನಾನು ಸೋಲುವುದು ಖಾತ್ರಿ.